ಅಂಗಾತ ಮಲಗುವ ಅಭ್ಯಾಸ

ಆಪರೇಷನ್‌ಗೆ ಮುಂಚೆ ಅಂಗಾತ ಮಲಗುವುದನ್ನು ರೂಢಿ ಮಾಡಿಕೊಳ್ಳಿ ಎಂದು ನಾನು ಹೇಳಿದಾಗ ಹೆಚ್ಚಿನ ಹೆಂಗಸರು ನಗುತ್ತಾರೆ. ಮಲಗುವುದಕ್ಕೂ ಅಭ್ಯಾಸ ಬೇಕೇ ಎಂಬ ನಗು ಅದು. ಆ ಹುಡುಗಿ ನಗಲಿಲ್ಲ. ಮೇಜಿನ ಮೇಲೆ ಎರಡೂ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಯೋಚಿಸಿ, ಚಿಕ್ಕಂದಿನಲ್ಲಿ ಬೋರಲು ಮಲಗುತ್ತಿದ್ದೆ, ಎದೆ ಬೆಳೆದ ಮೇಲೆ ಅದಾಗದೆ ಮಗ್ಗುಲಾದೆ, ಅಂಗಾತ ಮಲಗಿದ ನೆನಪೇ ಇಲ್ಲ ಎಂದಳು. ಪರವಾಗಿಲ್ಲ, ಒಂದೂವರೆ ತಿಂಗಳು ಸಮಯ ಇದೆ, ಮೈಗೆ ತಾನಾಗಿ ಬರುತ್ತದೆ ಎಂದೆ.

ಜಯನಗರದ ಒಂದು ಸಣ್ಣ ಪ್ಲಾಸ್ಟಿಕ್ ಸರ್ಜರಿ ಸೆಂಟರಿನಲ್ಲಿ ನಾನು ನರ್ಸ್. ಶಸ್ತ್ರಚಿಕಿತ್ಸೆಗೆ ಬರುವವರನ್ನು ಅದಕ್ಕೆ ತಯಾರು ಮಾಡುವುದು ನನ್ನ ಕೆಲಸ. ಎಲ್ಲಿ ಕೊಯ್ಯುತ್ತಾರೆ, ಎಲ್ಲಿ ಹೊಲಿಯುತ್ತಾರೆ ಎಂಬುದನ್ನು ಸರ್ಜನ್ ಹೇಳುತ್ತಾರೆ. ಅದಕ್ಕೆ ಮುಂಚಿನ ದಿನಗಳಲ್ಲಿ ಏನು ತಿನ್ನಬೇಕು, ಏನು ಬಿಡಬೇಕು, ಹೇಗೆ ಏಳಬೇಕು, ಹೇಗೆ ಕೂರಬೇಕು ಎನ್ನುವುದು ನನ್ನ ಪಾಲಿನದು.

ಆ ಹುಡುಗಿ ಬಾಗಲಕೋಟೆ ಕಡೆಯವಳು. ಮೂವತ್ತರ ಆಸುಪಾಸು. ಬಿಟಿಎಂ ಎರಡನೇ ಹಂತದಲ್ಲಿ ಒಂದೇ ಕೋಣೆಯ ಮನೆ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದಳು. ಹೊರದೇಶದ ಗಿರಾಕಿಗಳ ಫೋನಿಗೆ ಉತ್ತರ ಕೊಡುವ ಕೆಲಸ, ಖಾಯಂ ರಾತ್ರಿ ಪಾಳಿ. ಬೆಳಿಗ್ಗೆ ಕಂಪನಿಯ ಗಾಡಿ ಇಳಿದು ನೇರವಾಗಿ ನನ್ನ ಹತ್ತಿರ ಬರುತ್ತಿದ್ದಳು. ನನ್ನ ದಿನ ಶುರುವಾಗುವ ಹೊತ್ತಿಗೆ ಅವಳದು ಮುಗಿದಿರುತ್ತಿತ್ತು. ಸಣ್ಣ ಕಟ್ಟಿನ ಮೈ, ತೆಳ್ಳನೆಯ ಕುತ್ತಿಗೆ, ಅದಕ್ಕೆ ಹೊಂದದ ಭಾರವಾದ ಎದೆ. ಬ್ರಾ ಪಟ್ಟಿ ಕೂತು ಕೂತು ಎರಡೂ ಹೆಗಲ ಮೇಲೆ ಬೆರಳು ಇಡುವಷ್ಟು ತಗ್ಗು ಬಿದ್ದಿತ್ತು. ಬೇಸಿಗೆಯಲ್ಲಿ ಎದೆಯ ಕೆಳಗೆ ಚರ್ಮ ಬೆಂದು ಹುಣ್ಣಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಜನ ತನ್ನ ಮುಖ ನೋಡಿ ಮಾತಾಡಿದ್ದು ಕಡಿಮೆ ಎಂದಳು. ಗಾತ್ರ ಕಡಿಮೆ ಮಾಡಿಸಿ ಮೇಲಕ್ಕೆ ಎತ್ತಿಸಿಕೊಳ್ಳಬೇಕೆಂದು ಕಾಲೇಜಿನಿಂದಲೂ ಅವಳ ಆಸೆ. ಊರಲ್ಲಿ ಯಾರಿಗೂ ಹೇಳಿರಲಿಲ್ಲ.

ಮೊದಲ ದಿನ ನಾನು ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳಿದೆ. ಸಿಗರೇಟು ಸೇದುತ್ತೀರಾ ಎಂದಾಗ ಬಾಗಿಲ ಕಡೆ ಒಮ್ಮೆ ನೋಡಿ ಹೌದೆಂದಳು, ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯಲು ಕಲಿತದ್ದು. ಪೂರ್ತಿ ಬಿಡಬೇಕು. ನಿಕೋಟಿನ್ ಮೈಯಲ್ಲಿದ್ದರೆ ಚರ್ಮಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳು ಬಿಗಿದುಕೊಳ್ಳುತ್ತವೆ. ಹೊಲಿಗೆಯ ಅಂಚು ಕಪ್ಪಗಾಗುತ್ತದೆ. ಒಮ್ಮೊಮ್ಮೆ ಮೊಲೆತೊಟ್ಟೇ ಸತ್ತು ಉದುರುತ್ತದೆ. ಬದಲಿಗೆಂದು ಸಿಗುವ ಗಮ್, ಪ್ಯಾಚ್ ಕೂಡ ನಮ್ಮ ಸರ್ಜನ್ ಒಪ್ಪುವುದಿಲ್ಲ, ಅವುಗಳಲ್ಲೂ ಅದೇ ಇರುತ್ತದೆ. ಮೀನೆಣ್ಣೆ ಮಾತ್ರೆ, ಬೆಳ್ಳುಳ್ಳಿ ಮಾತ್ರೆ, ಯಾರೋ ಹೇಳಿದರೆಂದು ತಂದ ಗಿಡಮೂಲಿಕೆ ಪುಡಿ, ತಲೆನೋವಿಗೆ ತಾನೇ ತಂದು ನುಂಗುವ ಗುಳಿಗೆ, ಇವುಗಳಲ್ಲಿ ಕೆಲವು ರಕ್ತಸ್ರಾವ ಹೆಚ್ಚಿಸುತ್ತವೆ. ನಮಗೆ ತೋರಿಸದೆ ಯಾವುದನ್ನೂ ತೆಗೆದುಕೊಳ್ಳಬಾರದು. ಹಿಮೋಗ್ಲೋಬಿನ್ ಕಡಿಮೆ ಇತ್ತು, ಕಬ್ಬಿಣದ ಮಾತ್ರೆ ಶುರು ಮಾಡಿದೆವು. ಗಾಯ ಕೂಡಬೇಕಾದರೆ ಮೊಟ್ಟೆ, ಬೇಳೆ, ಮೊಳಕೆ ಕಾಳು ದಿನವೂ ಹೊಟ್ಟೆಗೆ ಬೀಳಬೇಕು. ಆಪರೇಷನ್ ಆದ ಮೇಲೆ ಹಲವು ವಾರ ಕೈಯನ್ನು ಭುಜದಿಂದ ಮೇಲೆ ಎತ್ತುವಂತಿಲ್ಲ, ಆದ್ದರಿಂದ ಈಗಿನಿಂದಲೇ ಮನೆಯ ಸಾಮಾನೆಲ್ಲ ಸೊಂಟದ ಎತ್ತರಕ್ಕೆ ಇಳಿಸಿಕೊಳ್ಳಿ, ಮೇಲಿನ ಶೆಲ್ಫ್ ಮರೆತುಬಿಡಿ. ಮತ್ತೆ, ಮಗ್ಗುಲಾಗಿಯೂ ಬೋರಲಾಗಿಯೂ ಮಲಗುವಂತಿಲ್ಲ. ಮೊಣಕಾಲಿನ ಕೆಳಗೊಂದು ದಿಂಬು, ಎರಡು ಪಕ್ಕಕ್ಕೆ ಎರಡು ದಿಂಬು, ಅಂಗಾತ.

ಅವಳು ಸಿಗರೇಟನ್ನು ಒಂದೇ ಏಟಿಗೆ ಬಿಟ್ಟಳು. ಇಂಥ ಹಟ ನಾನು ಕಂಡದ್ದು ಕಡಿಮೆ. ಹೊಟ್ಟೆಗೆ ಒಗ್ಗದ ಕಬ್ಬಿಣದ ಮಾತ್ರೆಯನ್ನೂ ಬಿಡದೆ ನುಂಗಿದಳು. ಎರಡನೇ ಸಲ ಬಂದಾಗ ನಾಲಿಗೆ, ಕಣ್ಣು, ತೂಕ ಎಲ್ಲ ನೋಡಿ ಶಭಾಶ್ ಎಂದೆ. ಏಳುವ ಹೊತ್ತಿಗೆ ಅವಳು, ಇದು ಸಂಬಂಧ ಐತೋ ಇಲ್ಲೋ ಗೊತ್ತಿಲ್ಲ ಎಂದು ಪೀಠಿಕೆ ಹಾಕಿ ಒಂದು ವಿಷಯ ಹೇಳಿದಳು. ಅಂಗಾತ ಮಲಗಲು ಶುರು ಮಾಡಿದ ಮೇಲೆ ಮಧ್ಯಾಹ್ನದ ಹೊತ್ತು ಎಚ್ಚರವಾದಂತಾಗುತ್ತದೆ. ಕಣ್ಣು ತೆರೆದಿರುತ್ತದೆ, ಕೋಣೆ ಕಾಣುತ್ತದೆ, ಹೊರಗೆ ಸೊಪ್ಪಿನವನ ಕೂಗು ಕೇಳುತ್ತದೆ. ಮೈ ಅಲ್ಲಾಡುವುದಿಲ್ಲ. ಆಗ ಬಾಗಿಲ ಹತ್ತಿರ ಒಬ್ಬಳು ಹೆಂಗಸು ನಿಂತಿರುತ್ತಾಳೆ.

ಹಗಲು ನಿದ್ದೆ ಯಾವತ್ತೂ ಅಷ್ಟಕ್ಕಷ್ಟೆ, ಅದರ ಮೇಲೆ ಸಿಗರೇಟು ಬಿಟ್ಟವರಿಗೆ ಕೆಲವು ವಾರ ಕನಸು ಜಾಸ್ತಿ, ತಾನಾಗಿ ಹೋಗುತ್ತದೆ ಎಂದು ಸಮಾಧಾನ ಹೇಳಿದೆ. ನಾನು ಹೇಳಿದ್ದು ಸುಳ್ಳೇನಲ್ಲ. ಅಂಥ ಮೈ ಕಟ್ಟುವ ನಿದ್ದೆಯ ವಿಷಯ ವಾರ್ಡುಗಳಲ್ಲಿ ಬೇಕಾದಷ್ಟು ಕೇಳಿದ್ದೆ. ಅವಳು ತಲೆಯಾಡಿಸಿ ಹೋದಳು.

ಮುಂದಿನ ವಾರ ಬಂದಾಗ ಬಿಪಿ ಏರಿತ್ತು. ಕಣ್ಣ ಕೆಳಗೆ ಮಸಿ ಬಳಿದಂತೆ. ಕೇಳದೆಯೇ ಹೇಳಿದಳು: ಆ ಹೆಂಗಸು ಈಗ ಬಾಗಿಲಲ್ಲಿ ನಿಲ್ಲುವುದಿಲ್ಲ, ಮಂಚದ ಕಾಲ ಹತ್ತಿರ ಬಂದಿದ್ದಾಳೆ. ಸೀರೆ ಉಟ್ಟಿದ್ದಾಳೆ, ಸೆರಗು ತಲೆಯ ಮೇಲಿದೆ, ಮುಖ ಗೊತ್ತಾಗುವುದಿಲ್ಲ. ಹಾಗಿದ್ದರೆ ಸದ್ಯಕ್ಕೆ ಮಗ್ಗುಲಾಗಿಯೇ ಮಲಗಿ, ನಿದ್ದೆ ಕೆಟ್ಟರೆ ಬಿಪಿ ಇಳಿಯುವುದಿಲ್ಲ, ಬಿಪಿ ಇಳಿಯದಿದ್ದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ ಎಂದೆ. ಅದು ನಾನು ಆಡಬಾರದ ಮಾತಾಗಿತ್ತು. ಮುಂದಕ್ಕೆ ಹೋಗುತ್ತದೆ ಎಂಬ ಒಂದೇ ಮಾತು ಅವಳ ಕಿವಿಗೆ ಬಿತ್ತು. ರಜೆ ಮಂಜೂರಾಗಿದೆ, ಇನ್ನೊಮ್ಮೆ ಅಷ್ಟು ದಿನ ಕೊಡುವುದಿಲ್ಲ ಎಂದಳು. ಮೇಲಾಗಿ ಆಪರೇಷನ್ ಆದ ಮೇಲೆ ಹೇಗೂ ಅಂಗಾತವೇ ಮಲಗಬೇಕಲ್ಲ, ಈಗಲೇ ಹೆದರಿ ಮಗ್ಗುಲಾದರೆ ಆಗ ಏನು ಮಾಡುವುದು ಎಂದು ನನ್ನನ್ನೇ ಕೇಳಿದಳು. ಇದೂ ಕಲಿಯಬೇಕಾದ ಪಾಠ ಎಂದುಕೊಂಡು ಅವಳು ಅಂಗಾತವೇ ಮಲಗುತ್ತಾ ಹೋದಳು.

ನಾಲ್ಕನೇ ಸಲ ಬಂದವಳು ಕುರ್ಚಿಯ ಮೇಲೆ ಕೂತ ತಕ್ಷಣ ತೂಕಡಿಸಿದಳು. ನಾನು ಬಿಪಿ ಪಟ್ಟಿ ಸುತ್ತುವಾಗ ಬೆಚ್ಚಿ ಎದ್ದು, ಪಿಸುದನಿಯಲ್ಲಿ ಹೇಳಿದಳು.

"ಈಗ ಕುಂದರಾಕತ್ಯಾಳ್ರೀ ಅಕ್ಕಾರ. ಎದಿ ಮ್ಯಾಲ. ಕುಂತು ನನ್ನ ಉಸಿರು ಎಣಸ್ತಾಳ."

ಅಲ್ಲಿಯವರೆಗೆ ನನ್ನನ್ನು ಸಿಸ್ಟರ್ ಎನ್ನುತ್ತಿದ್ದವಳು ಅವತ್ತೇ ಮೊದಲು ಅಕ್ಕಾರ ಎಂದದ್ದು.

ಎಣಿಸುವುದು ಹೇಗೆ ಗೊತ್ತಾಗುತ್ತದೆ ಎಂದೆ. ಸೆರಗಿನ ಕೆಳಗೆ ತುಟಿಯಷ್ಟೇ ಕಾಣುತ್ತವಂತೆ, ಅವು ಅಲ್ಲಾಡುತ್ತವಂತೆ. ತನ್ನ ಉಸಿರು ನಿಂತಾಗ ಆಕೆಯ ತುಟಿಯೂ ನಿಲ್ಲುತ್ತವಂತೆ. ಸರ್ಜನ್‌ಗೆ ಹೇಳಿ ಒಬ್ಬ ಮನೋವೈದ್ಯರನ್ನು ಕಾಣಿಸೋಣವೇ ಎಂದು ಮೆಲ್ಲಗೆ ಕೇಳಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು. ಹುಚ್ಚಿ ಎಂದು ಬರೆದರೆ ಆಪರೇಷನ್ ಯಾರು ಮಾಡುತ್ತಾರೆ, ಬೇಡ ಎಂದಳು. ಒಂದು ದಿನ, ಒಂದೇ ದಿನ ನೀವು ಬಂದು ನಾನು ಮಲಗಿದಾಗ ಕೋಣೆಯಲ್ಲಿ ಕೂತಿರಿ, ಯಾರಾದರೂ ಇದ್ದರೆ ಆಕೆ ಬರಲಿಕ್ಕಿಲ್ಲ, ಒಂದು ದಿನ ಸರಿಯಾಗಿ ನಿದ್ದೆ ಆದರೆ ಬಿಪಿ ತಾನೇ ಇಳಿಯುತ್ತದೆ ಎಂದು ಬೇಡಿಕೊಂಡಳು.

ಪೇಷೆಂಟಿನ ಮನೆಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ನನ್ನ ವಾರದ ರಜೆಯ ದಿನ, ಗಂಡನಿಗೆ ಬಿಟಿಎಂನಲ್ಲಿ ಒಬ್ಬರನ್ನು ನೋಡಬೇಕು ಎಂದಷ್ಟೇ ಹೇಳಿ, ವಸಂತಪುರದಿಂದ ಬಸ್ಸು ಬದಲಿಸಿಕೊಂಡು ಹೋದೆ. ಚೀಲದಲ್ಲಿ ಬಿಪಿ ಮಶೀನು, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಇಟ್ಟುಕೊಂಡೆ. ಬರಿಗೈಲಿ ಹೋದರೆ ನಾನು ಯಾಕೆ ಹೋಗುತ್ತಿದ್ದೇನೆ ಎಂಬುದು ನನಗೇ ತಿಳಿಯುತ್ತಿರಲಿಲ್ಲ.

ಅವಳ ಮನೆ ಮೂರನೇ ಮಹಡಿಯಲ್ಲಿತ್ತು. ಕಿಟಕಿ ರಸ್ತೆಯ ಕಡೆಗಿರಲಿಲ್ಲ. ಎರಡು ಕಟ್ಟಡಗಳ ನಡುವಿನ ಸಂದಿಗೆ ತೆರೆಯುತ್ತಿತ್ತು. ಅದಕ್ಕೂ ಹಗಲು ನಿದ್ದೆಗೆಂದು ದಪ್ಪ ಕಂದು ಪರದೆ. ಬೆಳಗಿನ ಹನ್ನೊಂದಕ್ಕೇ ಒಳಗೆ ಮುಸ್ಸಂಜೆ. ಒಳಗೆ ಕಾಲಿಟ್ಟಾಗ ಏನೋ ಸರಿಯಿಲ್ಲ ಅನ್ನಿಸಿತು, ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಗೋಡೆಯ ಮೇಲ್ಭಾಗವೆಲ್ಲ ಖಾಲಿ. ಶೆಲ್ಫ್ ಖಾಲಿ, ಸಜ್ಜಾ ಖಾಲಿ, ಮೊಳೆಗಳಲ್ಲಿ ಏನೂ ನೇತಾಡುತ್ತಿಲ್ಲ. ಪಾತ್ರೆ, ಬಟ್ಟೆ, ದೇವರ ಪಟ, ಗೋಡೆ ಗಡಿಯಾರ ಕೂಡ, ಎಲ್ಲವೂ ಸೊಂಟದ ಎತ್ತರಕ್ಕೆ ಇಳಿದಿತ್ತು. ನಾನು ಹೇಳಿದ್ದನ್ನು ಅಕ್ಷರಶಃ ಮಾಡಿದ್ದಳು. ನೋಡಿದರೆ ತೀರ ಕುಳ್ಳಗಿನ ಯಾರೋ ಆ ಮನೆಯಲ್ಲಿ ಸಂಸಾರ ಹೂಡಿದಂತಿತ್ತು.

ಅವಳು ನನಗೆ ಚಹಾ ಕೊಟ್ಟು ತಾನು ಹಾಲು ಕುಡಿದಳು. ಮಂಚದ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿದಳು. ಇದ್ದ ಮೂರು ದಿಂಬುಗಳನ್ನು ನಾನು ಹೇಳಿದಂತೆ ಮೊಣಕಾಲಿಗೆ, ಎರಡು ಪಕ್ಕಕ್ಕೆ ಇಟ್ಟುಕೊಂಡಳು. ತಲೆಗೆ ದಿಂಬೇ ಉಳಿದಿರಲಿಲ್ಲ. ಮಡಚಿದ ಟವೆಲ್ ಮೇಲೆ ತಲೆಯಿಟ್ಟು ಅಂಗಾತ ಮಲಗಿದಳು. ಆಕ್ಸಿಮೀಟರು ಅವಳ ಬೆರಳಿಗೆ ಸಿಕ್ಕಿಸಿದೆ. ಪರದೆಯ ಅಂಚಿನ ಮಬ್ಬು ಬಿಟ್ಟರೆ ಕೋಣೆಯಲ್ಲಿ ಬೆಳಕೆಂದರೆ ಅದರ ಕೆಂಪು ಅಂಕಿಗಳು.

ಬೇಗ ನಿದ್ದೆ ಹತ್ತಿತು. ನಾನು ಕುರ್ಚಿಯಲ್ಲಿ ಕೂತು ಕೇಳುತ್ತಿದ್ದೆ. ಕೆಳಗಿನ ಮನೆಯ ಕುಕ್ಕರ್ ಕೂಗಿತು. ರಸ್ತೆಯಲ್ಲಿ ತರಕಾರಿ ಆಟೋದ ಮೈಕು ಈರುಳ್ಳಿ ಎನ್ನುತ್ತಾ ಹಾದುಹೋಯಿತು. ಮೊದಲು ಸಣ್ಣ ಗೊರಕೆ, ಹಾಗೆಂದು ಕರೆಯಲೂ ಆಗದಷ್ಟು ಸಣ್ಣದು. ಆಮೇಲೆ ಅದೂ ನಿಂತಿತು. ಗಾಢ ನಿದ್ದೆ ಬಂತು ಎಂದುಕೊಂಡೆ. ಕೋಣೆ ಎಷ್ಟು ನಿಶ್ಶಬ್ದವಾಯಿತೆಂದರೆ ಪರದೆಯ ಹಿಂದೆ ಪಾರಿವಾಳ ಕಾಲು ಎಳೆಯುವುದು ಕೇಳಿಸಿತು. ಆಗ ಅವಳ ಎದೆ ನೋಡಿದೆ.

ಎದೆ ಏಳುತ್ತಿತ್ತು. ಅದು ಏಳುವಾಗ ಹೊಟ್ಟೆ ಒಳಕ್ಕೆ ಹೋಗುತ್ತಿತ್ತು, ಹೊಟ್ಟೆ ಏಳುವಾಗ ಎದೆ ಕುಸಿಯುತ್ತಿತ್ತು. ಯಾವುದೋ ಭಾರವನ್ನು ಮೇಲಕ್ಕೆ ತಳ್ಳಲು ನೋಡಿ, ಆಗದೆ, ಮತ್ತೆ ತಳ್ಳಿದಂತೆ. ಇಷ್ಟೆಲ್ಲ ನಡೆಯುತ್ತಿದ್ದರೂ ಸದ್ದಿಲ್ಲ. ನನ್ನ ಹಿಂಗೈಯನ್ನು ಅವಳ ಮೂಗಿನ ಹತ್ತಿರ ಹಿಡಿದೆ. ಗಾಳಿ ಇರಲಿಲ್ಲ. ಬೆರಳ ಮೇಲಿನ ಆಮ್ಲಜನಕದ ಅಂಕಿ ಇಳಿಯತೊಡಗಿತ್ತು, ನಾನು ನೋಡುತ್ತಿದ್ದಂತೆಯೇ ಇಳಿಯುತ್ತಾ ಹೋಯಿತು. ಭಾರ ಕೂತಿದೆ ಎನ್ನುವುದಕ್ಕೆ ನನ್ನ ಕಣ್ಣೆದುರಿಗೆ ಎಲ್ಲ ಸಾಕ್ಷಿಯೂ ಇತ್ತು. ಭಾರವೊಂದೇ ಕಾಣುತ್ತಿರಲಿಲ್ಲ.

ಆಗ ಅವಳು ಕಣ್ಣು ತೆರೆದಳು. ಪೂರ್ತಿ ತೆರೆದ ಕಣ್ಣು. ಅವು ನನ್ನ ಮೇಲೆ ಒಂದು ಕ್ಷಣ ನಿಂತು, ಅಲ್ಲಿಂದ ನಿಧಾನವಾಗಿ ನನ್ನ ಬಲ ಭುಜದ ಹಿಂದಕ್ಕೆ ಹೋಗಿ, ಅಲ್ಲೇ ನಿಂತವು. ಹೆಸರು ಹಿಡಿದು ಕರೆದೆ. ರೆಪ್ಪೆ ಕೂಡ ಅಲ್ಲಾಡಲಿಲ್ಲ. ವಾರ್ಡುಗಳಲ್ಲಿ ಎಷ್ಟೋ ಜನರ ಕೊನೆಯ ಹೊತ್ತಿನಲ್ಲಿ ಪಕ್ಕದಲ್ಲಿದ್ದವಳು ನಾನು, ಹೆಣ ಒರೆಸಿ ಬಟ್ಟೆ ಸುತ್ತಿದವಳು. ಅಷ್ಟಾದರೂ ಆವತ್ತು ಆ ಕೋಣೆಯಲ್ಲಿ ಹಿಂದೆ ತಿರುಗಿ ನೋಡಲು ನನ್ನಿಂದ ಆಗಲಿಲ್ಲ. ಎರಡೂ ಕೈಯಿಂದ ಅವಳ ಹೆಗಲು, ಸೊಂಟ ಹಿಡಿದು ನನ್ನ ಕಡೆಗೆ ಹೊರಳಿಸಿದೆ.

ಮಗ್ಗುಲಾದ ತಕ್ಷಣ ಗಂಟಲಿಂದ ದೊಡ್ಡ ಸದ್ದು ಬಂತು, ನೀರಲ್ಲಿ ಮುಳುಗಿದವರು ಮೇಲೆ ಬಂದಾಗ ಎಳೆದುಕೊಳ್ಳುವ ಉಸಿರಿನ ಹಾಗೆ. ಅಂಕಿ ಏರಿತು. ಅವಳು ಎದ್ದು ಕೂತು ಗೋಡೆಗೆ ಒರಗಿದಳು. ಪರದೆ ಸರಿಸಿದೆ. ಅದರ ಮಡಿಕೆಗಳನ್ನು ಬಹಳ ಹೊತ್ತು ಸರಿಮಾಡಿದೆ.

"ನೀವು ಕುಂತಿದ್ರಿ. ಆಕಿ ನಿಮ್ಮ ಹಿಂದ ನಿಂತಿದ್ಲು. ಇವತ್ತ ಎದಿ ಮ್ಯಾಲ ಕುಂದರಲಿಲ್ಲರೀ. ನೀವು ಹೆಂಗೂ ಎಣಸಾಕತ್ತಿದ್ರಲ್ಲ" ಎಂದಳು.

ಡಾಕ್ಟರಿಗೆ ಹೇಳಬೇಡಿ ಎಂದು ಮತ್ತೆ ಮತ್ತೆ ಹೇಳಿದಳು. ಹೆಂಗಸಿನ ವಿಷಯ ಯಾರ ಮುಂದೆಯೂ ಎತ್ತುವುದಿಲ್ಲ ಎಂದು ಮಾತು ಕೊಟ್ಟೆ. ಸದ್ಯಕ್ಕೆ ಮಗ್ಗುಲಾಗಿಯೇ ಮಲಗಬೇಕು, ಇದು ನನ್ನ ಆಜ್ಞೆ ಎಂದು ಗಟ್ಟಿಯಾಗಿ ಹೇಳಿ ಬಂದೆ. ಬಸ್ಸಿನಲ್ಲಿ ಬನಶಂಕರಿ ಬರುವವರೆಗೂ ನನಗೆ ಅದೇ ಯೋಚನೆ. ಉಸಿರಿನ ವಿಷಯ ಹೇಳಿದರೆ ಆಪರೇಷನ್ ನಿಲ್ಲುತ್ತದೆ. ಅವಳು ಅದನ್ನು ನನ್ನ ದ್ರೋಹ ಎನ್ನುತ್ತಾಳೆ. ಹೇಳದಿದ್ದರೆ, ಆಪರೇಷನ್ ದಿನ ಅವಳನ್ನು ಅದೇ ಭಂಗಿಯಲ್ಲಿ ಮಲಗಿಸುವವಳು ನಾನೇ. ಹಿಂದೆ ತಿರುಗಿ ನೋಡದೆ ಇದ್ದದ್ದಕ್ಕೂ ಹೇಳದೆ ಇರುವುದಕ್ಕೂ ಏನೋ ಸಂಬಂಧ ಇದೆ ಅನ್ನಿಸಿತು. ಮನೆಗೆ ಹೋಗಿ ಊಟಕ್ಕೂ ಮುಂಚೆ, ನಮ್ಮಲ್ಲಿಗೆ ಬರುವ ಅರಿವಳಿಕೆ ಡಾಕ್ಟರಿಗೆ ಫೋನ್ ಮಾಡಿದೆ.

ಅವರು ಮಧ್ಯವಯಸ್ಸಿನ ಹೆಂಗಸು, ಕಡಿಮೆ ಮಾತು. ಎದೆ, ಹೊಟ್ಟೆ, ಆಕ್ಸಿಮೀಟರು, ಮಗ್ಗುಲಾದಾಗ ಬಂದ ಉಸಿರು, ಎಲ್ಲ ಕೇಳಿಸಿಕೊಂಡರು. ಮನೆಗೆ ಯಾಕೆ ಹೋಗಿದ್ದಿರಿ ಎಂದು ಕೇಳಲಿಲ್ಲ. ಹುಡುಗಿ ದಪ್ಪಗಿದ್ದಾಳಾ ಎಂದರು. ಇಲ್ಲ ಎಂದೆ. ಗದ್ದ ಹೇಗಿದೆ ಎಂದರು. ಅದನ್ನು ನಾನು ಗಮನಿಸಿರಲಿಲ್ಲ. ನಾಳೆ ಕರೆಸಿ ಎಂದರು.

ಸರ್ಜನ್ ಮೊದಲು ಒಪ್ಪಲಿಲ್ಲ. ತೆಳ್ಳಗಿನ ಹುಡುಗಿ, ರಾತ್ರಿ ಪಾಳಿ, ಸಿಗರೇಟು ಬಿಟ್ಟ ಹೊಸತು, ನಿದ್ದೆ ಏರುಪೇರಾಗುವುದು ಸಹಜ ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಿದ್ದೆಯಲ್ಲಿ ಗೊರಕೆ ಹೊಡೆಯುತ್ತೀರಾ, ಉಸಿರು ನಿಲ್ಲುತ್ತದಾ ಎಂದು ನಾವು ಎಲ್ಲರನ್ನೂ ಕೇಳುತ್ತೇವೆ. ಅವಳು ಇಲ್ಲ ಎಂದಿದ್ದಳು. ಒಬ್ಬಳೇ ಇರುವವಳು, ಊರೆಲ್ಲ ಕೆಲಸಕ್ಕೆ ಹೋದಾಗ ಮಲಗುವವಳು. ಅವಳ ಗೊರಕೆಯನ್ನು ಅವಳಿಗೆ ಹೇಳುವವರು ಯಾರು?

ವಿಷಯ ಫೋನಿನಲ್ಲಿ ತಿಳಿಸಿದಾಗ ಅವಳು ಕೂಗಾಡಲಿಲ್ಲ. ಅಕ್ಕ ಅಂತ ನಂಬಿ ಮನೆಯೊಳಗೆ ಕರೆದಿದ್ದೆ ಎಂದಷ್ಟೇ ಹೇಳಿ ಇಟ್ಟಳು. ಮರುದಿನ ಬೆಳಿಗ್ಗೆ ಬಂದಾಗ ನನ್ನ ಕಡೆ ನೋಡದೆ ನೇರ ಒಳಗೆ ಹೋದಳು. ಅರಿವಳಿಕೆ ಡಾಕ್ಟರು ಅವಳನ್ನು ಪಕ್ಕದಿಂದ ನಿಲ್ಲಿಸಿ ನೋಡಿದರು. ಆಗ ನನಗೂ ಕಂಡಿತು: ಕೆಳದವಡೆ ಚಿಕ್ಕದು, ಗದ್ದ ಹಿಂದಕ್ಕೆ ಸರಿದಿದೆ. ಬಾಯಿ ತೆರೆಸಿ ನಾಲಿಗೆ ಚಾಚಿಸಿದರು, ಕುತ್ತಿಗೆ ಹಿಂದಕ್ಕೆ ಬಾಗಿಸಿದರು. ಆಮೇಲೆ ಕೂರಿಸಿಕೊಂಡು ಹೇಳಿದರು.

"ನೀವು ಅಂಗಾತ ಮಲಗಿದಾಗ ನಾಲಿಗೆ ಹಿಂದಕ್ಕೆ ಬಿದ್ದು ಉಸಿರಿನ ದಾರಿ ಮುಚ್ಚುತ್ತೆ ಅನ್ಸುತ್ತೆ. ಮಿದುಳು ಗಾಬರಿಯಾಗಿ ಎಬ್ಬಿಸುತ್ತೆ. ಕಣ್ಣಿಗೆ ಎಚ್ಚರ ಆಗಿರುತ್ತೆ, ಮೈಗೆ ಇನ್ನೂ ಆಗಿರಲ್ಲ. ಆ ಹೊತ್ತಲ್ಲಿ ಕೆಲವರಿಗೆ ಏನೇನೋ ಕಾಣುತ್ತೆ. ನಿಮಗೆ ಏನಾದ್ರೂ ಕಾಣ್ಸುತ್ತಾ?"

ಅವಳು ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಹೇಳಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು.

"ಇಲ್ರಿ" ಎಂದಳು.

ಡಾಕ್ಟರು ಒತ್ತಾಯಿಸಲಿಲ್ಲ. ಆಪರೇಷನ್ ಆದ ದಿನ ನೋವಿಗೆ ಬಲವಾದ ಔಷಧಿ ಕೊಡುತ್ತೇವೆ, ಆ ಔಷಧಿಯ ಅಮಲಿನಲ್ಲಿ ಮಿದುಳು ಎಬ್ಬಿಸುವುದನ್ನು ಮರೆತರೆ ಏನಾಗುತ್ತದೆ ಎಂಬುದನ್ನು ನಿಧಾನವಾಗಿ ಬಿಡಿಸಿ ಹೇಳಿದರು. ರಾತ್ರಿ ಪೂರ್ತಿ ಕಣ್ಣಿಟ್ಟು ನೋಡುವ ವ್ಯವಸ್ಥೆ ನಮ್ಮ ಸೆಂಟರಿನಲ್ಲಿಲ್ಲ, ಆದ್ದರಿಂದ ಇಲ್ಲಿ ತಾವು ಅರಿವಳಿಕೆ ಕೊಡುವುದಿಲ್ಲ, ಮೊದಲು ನಿದ್ದೆಯ ಪರೀಕ್ಷೆ ಆಗಲಿ ಎಂದರು. ಬಾಗಿಲಲ್ಲಿ ನಿಂತಿದ್ದ ಸರ್ಜನ್ ತಾವೇ ಅವಳಿಗೆ ತಾರೀಖು ರದ್ದಾಯಿತೆಂದು ತಿಳಿಸಿದರು. ಆಪರೇಷನ್ ಮಾಡುವವನು ನಾನೇ, ಜಾಗ ಮಾತ್ರ ಬೇರೆ ಎಂದೂ ಹೇಳಿದರು. ಹುಡುಗಿ ಅತ್ತಳು. ನಾನು ಹತ್ತಿರ ಹೋದಾಗ ಕೈ ಕೊಡವಲಿಲ್ಲ.

ರಾತ್ರಿ ಪಾಳಿಯವಳಾದ್ದರಿಂದ ಪರೀಕ್ಷೆ ಹಗಲೇ ಆಯಿತು, ಬನ್ನೇರುಘಟ್ಟ ರಸ್ತೆಯ ಒಂದು ಆಸ್ಪತ್ರೆಯಲ್ಲಿ. ತಲೆಗೆ, ಎದೆಗೆ, ಕಾಲಿಗೆ ತಂತಿ ಅಂಟಿಸಿ ಮಲಗಿಸಿದರು. ಅವಳು ಕೇಳಿದ್ದರಿಂದ ನಾನು ಹೊರಗಿನ ಕೋಣೆಯಲ್ಲಿ ಟೆಕ್ನಿಷಿಯನ್ ಜೊತೆ ಕೂತಿದ್ದೆ. ಕಂಪ್ಯೂಟರ್ ಪರದೆಯ ಮೇಲೆ ಗೆರೆಗಳು ಓಡುತ್ತಿದ್ದವು. ಮಗ್ಗುಲಾಗಿದ್ದಾಗ ಉಸಿರಿನ ಗೆರೆ ಅಲೆಯಂತೆ ಇತ್ತು. ಅಂಗಾತ ಹೊರಳಿದ ಸ್ವಲ್ಪ ಹೊತ್ತಿಗೆ ಚಪ್ಪಟೆಯಾಯಿತು, ಕೆಳಗಿನ ಎದೆಯ ಗೆರೆ ಮಾತ್ರ ಒದ್ದಾಡುತ್ತಿತ್ತು. ಕ್ಯಾಮೆರಾದಲ್ಲಿ ಅವಳ ಕೋಣೆ ಬೂದು ಬಣ್ಣದಲ್ಲಿ ಕಾಣುತ್ತಿತ್ತು. ನಾನು ಗೆರೆಗಳನ್ನಷ್ಟೇ ನೋಡಿದೆ, ಕ್ಯಾಮೆರಾ ಕಡೆ ನೋಡುವ ಕೆಲಸ ಟೆಕ್ನಿಷಿಯನ್‌ಗೆ ಬಿಟ್ಟೆ. ಒಂದು ಸಲ ಅವನು, ಯಾರೋ ಒಳಗೆ ಹೋದರಾ ಮೇಡಂ ಎಂದ. ಇಲ್ಲವಲ್ಲ ಎಂದೆ. ನೆರಳಿರಬೇಕು ಎಂದು ಅವನೇ ಹೇಳಿ ಕಾಫಿ ಕುಡಿದ.

ವರದಿಯಲ್ಲಿ ತೊಂದರೆ ತೀವ್ರ ಎಂದೇ ಬಂತು, ಅದೂ ಅಂಗಾತ ಮಲಗಿದಾಗ. ಮೂಗಿಗೆ ಮಾಸ್ಕ್ ಹಾಕಿ ಗಾಳಿ ಒತ್ತುವ ಮಶೀನು ಕೊಟ್ಟರು. ಮೊದಲ ದಿನಗಳಲ್ಲಿ ಮಾಸ್ಕ್ ಕೂರದೆ ಮೂಗಿನ ಬೆನ್ನ ಮೇಲೆ ಗಾಯವಾಯಿತು. ಗಾಳಿ ಕಣ್ಣಿಗೆ ಸೋರಿ ಕಣ್ಣು ಕೆಂಪಾಯಿತು. ಎರಡು ಸಲ ಮಾಸ್ಕ್ ಬದಲಿಸಿದೆವು. ಸಿಗರೇಟು ಬಿಟ್ಟ ಹಟವನ್ನೇ ಇದಕ್ಕೂ ತೊಡಗಿಸಿದಳು. ಬಿಪಿ ಇಳಿಯಿತು, ಹಿಮೋಗ್ಲೋಬಿನ್ ಏರಿತು, ಕಣ್ಣ ಕೆಳಗಿನ ಮಸಿ ಕರಗಿತು. ತಲೆಯ ಕಡೆ ಎತ್ತರಿಸಿಕೊಂಡು, ಮಾಸ್ಕ್ ಹಾಕಿಕೊಂಡು ಅಂಗಾತ ಮಲಗುವುದನ್ನು ಹೊಸದಾಗಿ ಕಲಿಸಿದೆ. ಹೆಂಗಸಿನ ವಿಷಯ ನಾನು ಕೇಳಲಿಲ್ಲ. ಒಂದು ದಿನ ತಾನಾಗಿಯೇ, ಈಗ ಬರೂದಿಲ್ರಿ ಎಂದಳು. ಹೇಳುವಾಗ ಸಂತೋಷದಲ್ಲೇನೂ ಇರಲಿಲ್ಲ, ಯಾರೋ ಪರಿಚಯದವರು ಮನೆ ಬದಲಿಸಿದ ಸುದ್ದಿ ಹೇಳಿದಂತೆ ಹೇಳಿದಳು.

ಜೆ.ಪಿ. ನಗರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಎಂದು ನಿಗದಿಯಾಯಿತು. ಅಲ್ಲಿ ಜೊತೆಗೆ ಮನೆಯವರು ಒಬ್ಬರು ಇರಲೇಬೇಕು ಎಂದರು. ಹಾಗಾಗಿ ಅವಳು ತಾಯಿಗೆ ಹೇಳಬೇಕಾಯಿತು. ಬೈಯಬಹುದು, ಊರಿಗೇ ಸಾರಬಹುದು ಎಂದು ಹೆದರಿದ್ದಳು. ತಾಯಿ ಫೋನಿನಲ್ಲಿ ಎಲ್ಲ ಕೇಳಿ, ನನಗೂ ಹೆಗಲ ಮೇಲೆ ಹಂಗ ತಗ್ಗು ಬಿದ್ದಾವ ಎಂದಷ್ಟೇ ಹೇಳಿ, ಎರಡು ದಿನದಲ್ಲಿ ರೊಟ್ಟಿ ಗಂಟಿನ ಸಮೇತ ಬಂದಿಳಿದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಅವರನ್ನು ಪಕ್ಕದಿಂದ ನೋಡಿದ ತಕ್ಷಣ ನನ್ನ ಕಣ್ಣು ಗದ್ದಕ್ಕೆ ಹೋಯಿತು. ಅದೇ ಗದ್ದ.

ಆಪರೇಷನ್ ಸುಸೂತ್ರವಾಗಿ ಆಯಿತು. ನಮ್ಮ ಅರಿವಳಿಕೆ ಡಾಕ್ಟರೇ ಬಂದಿದ್ದರು. ಉಸಿರಿನ ನಳಿಕೆ ಹಾಕುವುದು ಅಂದುಕೊಂಡಷ್ಟೇ ಕಷ್ಟವಾಯಿತಂತೆ. ಎದ್ದ ಮೇಲೆ ಮಾಸ್ಕ್ ಹಾಕಿ, ತಲೆ ಎತ್ತರಿಸಿ, ಮಾನಿಟರಿನ ಕೆಳಗೆ ಇಟ್ಟರು. ಎಡಗಡೆಯ ಹೊಲಿಗೆ ಒಂದು ಕಡೆ ಸ್ವಲ್ಪ ಬಾಯಿ ಬಿಟ್ಟಿತು, ಡ್ರೆಸ್ಸಿಂಗಿನಲ್ಲೇ ಕೂಡಿಕೊಂಡಿತು. ತೊಟ್ಟುಗಳು ಗುಲಾಬಿಯಾಗಿ ಚೆನ್ನಾಗಿದ್ದವು. ಮೊದಲ ಸಲ ಕನ್ನಡಿಯ ಮುಂದೆ ನಿಂತಾಗ ಅವಳು ತನ್ನ ಎದೆಗಿಂತ ಹೆಗಲನ್ನು ಹೆಚ್ಚು ಹೊತ್ತು ನೋಡಿಕೊಂಡಳು.

ಕೊನೆಯ ಡ್ರೆಸ್ಸಿಂಗಿಗೆ ತಾಯಿಯೂ ಬಂದಿದ್ದರು. ಮಗಳು ಒಳಗೆ ಸರ್ಜನ್ ಹತ್ತಿರ ಇದ್ದಾಗ ಅವರು ನನ್ನ ಮೇಜಿನ ಮುಂದೆ ಕೂತು, ಸೆರಗು ಸರಿಮಾಡಿಕೊಂಡು, ಮಗಳು ಎಲ್ಲ ಹೇಳಿದಳು ಎಂದರು. ಯಾವ ಎಲ್ಲ ಎಂದು ನಾನು ಕೇಳಬೇಕಾಗಲಿಲ್ಲ.

"ನಮ್ಮವ್ವಗೂ ಬರ್ತಿದ್ಲ್ರೀ ಆಕಿ. ಬಾಣಂತ್ಯಾಗ ಅಂಗಾತ ಮಲಗಸ್ತಿದ್ರಲ್ಲ, ಆವಾಗ ನನಗೂ ಬಂದ್ಲು. ಎದಿ ಮ್ಯಾಲ ಕುಂತು ಎಬ್ಬಸ್ತಾಳ. ಬೈಕೋತ ಏಳ್ತಿದ್ದೆ. ಆಕಿ ಎಬ್ಬಸದಿದ್ರ ನಾ ಏಳ್ತಿದ್ನೋ ಇಲ್ಲೋ. ನಮ್ಮವ್ವ ಮಲಗಿದಾಕಿ ಏಳಲೇ ಇಲ್ಲ. ಅವತ್ತ ಆಕಿ ಬಂದಿರಲಿಕ್ಕಿಲ್ಲ."

ಅರಿವಳಿಕೆ ಡಾಕ್ಟರು ಮಿದುಳಿನ ಬಗ್ಗೆ ಹೇಳಿದ್ದನ್ನೇ ಈ ಹೆಂಗಸು ಇನ್ನೊಂದು ಭಾಷೆಯಲ್ಲಿ ಹೇಳುತ್ತಿದ್ದರು. ಅವರ ಚಿಂತೆ ಬೇರೆಯೇ ಇತ್ತು. ಮಶೀನು ಬಂದ ಮೇಲೆ ಆಕೆ ಮಗಳ ಹತ್ತಿರ ಬರುತ್ತಿಲ್ಲ. ಕರೆಂಟ್ ಹೋದ ದಿನ ಮಗಳನ್ನು ಯಾರು ಎಬ್ಬಿಸಬೇಕು ಎಂದು ಕೇಳಿದರು. ಬ್ಯಾಟರಿ ಇಡಬಹುದು, ಗಾಯ ಪೂರ್ತಿ ಮಾಗಿದ ಮೇಲೆ ಮಗ್ಗುಲಾಗಿ ಮಲಗಬಹುದು ಎಂದೆಲ್ಲ ವಿವರಿಸಿದೆ. ನಿಮಗೂ ಪರೀಕ್ಷೆ ಮಾಡಿಸೋಣ ಎಂದಾಗ ನಕ್ಕುಬಿಟ್ಟರು. ಈ ವಯಸ್ಸಿಗೆ ಮೂಗಿಗೆ ಸೊಂಡಿಲು ಬೇಡ, ತನಗೆ ಆಕೆ ಸಾಕು ಎಂದರು. ಮಗಳು ಬಂದು ಗದರಿದಳು, ಅರಿವಳಿಕೆ ಡಾಕ್ಟರು ಫೋನಿನಲ್ಲಿ ತಿಳಿಸಿ ಹೇಳಿದರು. ಬಗ್ಗಲಿಲ್ಲ. ಕೊನೆಗೆ ಒಂದಕ್ಕೆ ಮಾತ್ರ ಒಪ್ಪಿದರು. ಮಲಗುವಾಗ ತೊಡುವ ಕುಪ್ಪಸದ ಬೆನ್ನಿಗೆ ಜೇಬು ಹೊಲಿಸಿ ಒಂದು ರಬ್ಬರ್ ಚೆಂಡು ಇಟ್ಟುಕೊಳ್ಳುವುದು. ಅಂಗಾತ ಹೊರಳಿದರೆ ಅದು ಚುಚ್ಚುತ್ತದೆ, ಮೈ ತಾನಾಗಿ ಮಗ್ಗುಲಾಗುತ್ತದೆ. ಮಶೀನಿನಷ್ಟು ಭರವಸೆ ಅದಕ್ಕಿಲ್ಲ, ಅದನ್ನೂ ಹೇಳಿದೆ. ಬಿಟಿಎಂನ ಒಬ್ಬ ಟೈಲರ್ ಹೊಲಿದುಕೊಟ್ಟ.

ಎರಡು ದಿನ ಬಿಟ್ಟು ಮಧ್ಯಾಹ್ನ ಹುಡುಗಿ ಫೋನ್ ಮಾಡಿದಳು. ಅವ್ವ ಚೆಂಡಿನ ಕುಪ್ಪಸ ಹಾಕಿಕೊಂಡು ತನ್ನ ಪಕ್ಕದಲ್ಲೇ ಮಲಗಿ ಈಗ ಎದ್ದಳು, ಅವ್ವನ ಉಸಿರು ಎಲ್ಲೂ ನಿಂತಂತೆ ತನಗೆ ಕೇಳಿಸಲಿಲ್ಲ ಎಂದಳು. ಒಳ್ಳೆಯದಾಯಿತು ಎಂದೆ. ಅವಳು ಫೋನ್ ಇಡಲಿಲ್ಲ.

"ಆಕಿ ಬಂದಿದ್ಲಂತ್ರೀ ಅಕ್ಕಾರ. ಒಳಗ ಬರಲಿಲ್ಲಂತ, ಹೊಸ್ತಿಲದಾಗ ನಿಂತು ನಮ್ಮಿಬ್ಬರನ್ನೂ ನೋಡಿದ್ಲಂತ. ಅವ್ವ ಆಕಿಗೆ ಹೇಳಿದ್ಲಂತ, ಸಾಕು, ಇನ್ನ ನೀನೂ ಮಲಕೋ ಹೋಗು ಅಂತ."